ಮೊದಲು ಕೇಳೋಣ, ಆಮೇಲೆ ಕಟ್ಟೋಣ: ಹವಾಮಾನ ಸಂಕಟ ಮತ್ತು ಮಾನವಕೇಂದ್ರಿತ ವಿನ್ಯಾಸ

(ಕೂಟದ ಉಪನ್ಯಾಸ ಮಾಲಿಕೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ತಾಂತ್ರಿಕ ವಿಷಯವೊಂದನ್ನು ಕನ್ನಡದಲ್ಲಿಯೇ ಮಾತನಾಡಬೇಕೆಂದು ತಾವು ಆದೇಶಿಸಿದಾಗ ನಮಗೆ ಸಂತೋಷವೂ ಆಯಿತು, ಸ್ವಲ್ಪ ಅಳುಕೂ ಆಯಿತು. ದಿನದ ಎಂಟು ಗಂಟೆ ಇಂಗ್ಲಿಷಿನಲ್ಲಿ ಯೋಚಿಸಿ ಸಂಬಳ ಪಡೆಯುವ ನಾವು, ಅದೇ ಯೋಚನೆಯನ್ನು ತಾಯ್ನುಡಿಗೆ ತರಲು ಹೊರಟಾಗ ನಾಲಿಗೆ ತಡವರಿಸುವುದು ಸಹಜ. ಆದರೆ ಇಂದಿನ ವಿಷಯಕ್ಕೆ ಕನ್ನಡವೇ ಸರಿಯಾದ ಭಾಷೆ ಎಂಬುದು ಉಪನ್ಯಾಸದ ಕೊನೆಯ ಹೊತ್ತಿಗೆ ತಮಗೂ ಮನವರಿಕೆಯಾದೀತೆಂದು ನಂಬಿದ್ದೇವೆ.

ಭೂಮಿಯ ಸರಾಸರಿ ಉಷ್ಣತೆ ಏರುತ್ತಿರುವುದು ಈಗ ಯಾರಿಗೂ ಹೊಸ ಸುದ್ದಿಯಲ್ಲ. ವಿಶ್ವ ಹವಾಮಾನ ಸಂಸ್ಥೆಯ ಲೆಕ್ಕದಂತೆ 2024ನೆಯ ಇಸವಿಯು, ಕೈಗಾರಿಕಾ ಯುಗಕ್ಕೆ ಮುಂಚಿನ ಮಟ್ಟಕ್ಕಿಂತ ಸರಾಸರಿ 1.5 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಬಿಸಿಯಾಗಿದ್ದ ಮೊದಲ ವರ್ಷ. ಇಂಗಾಲದ ಹೊಗೆಯನ್ನು ತಗ್ಗಿಸುವುದು ಸರ್ಕಾರಗಳ, ಕೈಗಾರಿಕೆಗಳ, ನಮ್ಮೆಲ್ಲರ ಹೊಣೆ. ಆದರೆ ಈಗಾಗಲೇ ಬಂದಿರುವ ಬಿಸಿಲು, ಬಿರುಗಾಳಿ, ನೀರಿನ ಕೊರತೆಗಳನ್ನು ಒಂದು ಹಳ್ಳಿ, ಒಂದು ಬೀದಿ, ಒಂದು ಮನೆ ಹೇಗೆ ತಾಳಿಕೊಳ್ಳಬೇಕು? ಆ ಪ್ರಶ್ನೆಗೆ ಉತ್ತರ ಹುಡುಕುವ ಕ್ರಮವೊಂದಿದೆ. ಅದನ್ನು ಮಾನವಕೇಂದ್ರಿತ ವಿನ್ಯಾಸ ಎನ್ನುತ್ತಾರೆ. ಇಂದು ಅದರ ಕುರಿತು ಮಾತನಾಡುತ್ತೇವೆ.

ದರ್ಜಿಯ ಅಳತೆ

ಹೆಸರು ದೊಡ್ಡದು, ತತ್ತ್ವ ಸರಳ. ನಮ್ಮ ಬಾಲ್ಯದಲ್ಲಿ ಹಬ್ಬಕ್ಕೆ ಬಟ್ಟೆ ಹೊಲಿಸುವಾಗ ದರ್ಜಿ ಮೊದಲು ನಮ್ಮನ್ನು ನಿಲ್ಲಿಸಿ, ಟೇಪು ಹಿಡಿದು ಅಳತೆ ತೆಗೆದುಕೊಳ್ಳುತ್ತಿದ್ದ. "ಬೆಳೆಯುವ ಹುಡುಗ, ತೋಳು ಎರಡು ಬೆರಳು ಉದ್ದವಿರಲಿ" ಎಂದು ಅಮ್ಮ ಹೇಳಿದರೆ ಅದನ್ನೂ ಗುರುತು ಹಾಕಿಕೊಳ್ಳುತ್ತಿದ್ದ. ಹೊಲಿದ ಮೇಲೆ ತೊಡಿಸಿ ನೋಡಿ, ಬಿಗಿಯಾದರೆ ಬಿಚ್ಚಿ ಸರಿಪಡಿಸುತ್ತಿದ್ದ. ಮಾನವಕೇಂದ್ರಿತ ವಿನ್ಯಾಸದ ಎಲ್ಲ ಹಂತಗಳೂ ಇದರಲ್ಲಿವೆ: ಬಳಸುವವರ ಬದುಕನ್ನು ಕಣ್ಣಾರೆ ನೋಡಿ ಅವರ ಮಾತನ್ನು ಕೇಳುವುದು, ಅವರ ನಿಜವಾದ ತೊಂದರೆ ಯಾವುದೆಂದು ಗೊತ್ತುಮಾಡಿಕೊಳ್ಳುವುದು, ಕಡಿಮೆ ವೆಚ್ಚದ ಮಾದರಿಯೊಂದನ್ನು ಮಾಡಿ ಅವರ ಕೈಗೆ ಕೊಡುವುದು, ಅದು ಎಲ್ಲಿ ತಪ್ಪಿತೆಂದು ಕಂಡು ತಿದ್ದುವುದು. ಕ್ಯಾಲಿಫೋರ್ನಿಯಾದ ವಿದ್ವಾಂಸ ಡೊನಾಲ್ಡ್ ನಾರ್ಮನ್ ಮೊದಲಾದವರು 1980ರ ದಶಕದಲ್ಲಿ ಗಣಕಯಂತ್ರಗಳನ್ನು ಕುರಿತು ಈ ವಿಚಾರವನ್ನು ಬೆಳೆಸಿದರು. ಮುಂದೆ ಅದು ಆಸ್ಪತ್ರೆ, ನೀರು ಪೂರೈಕೆ, ವಿಪತ್ತು ನಿರ್ವಹಣೆಗಳಿಗೂ ಹಬ್ಬಿತು.

ಇಷ್ಟು ಸರಳವಾದುದನ್ನು ಬೋಧಿಸಬೇಕೇ ಎಂದು ತಾವು ಕೇಳಬಹುದು. ಬೋಧಿಸಬೇಕಾಗಿದೆ, ಏಕೆಂದರೆ ಕಲಿತವರು ಮರೆಯುವುದು ಇದನ್ನೇ. ಭಾರತ ಸರ್ಕಾರ 1980ರ ದಶಕದ ಆರಂಭದಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಪ್ರಾರಂಭಿಸಿತು. ಕೋಟಿಗಟ್ಟಲೆ ಒಲೆಗಳು ಹಂಚಿಕೆಯಾದವು. ಅವುಗಳಲ್ಲಿ ಬಹಳಷ್ಟು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದವು. ಒಡಿಶಾದ ಹಳ್ಳಿಗಳಲ್ಲಿ ಎಸ್ತರ್ ಡಫ್ಲೋ, ಮೈಕೆಲ್ ಗ್ರೀನ್‌ಸ್ಟೋನ್ ಮತ್ತು ರೇಮಾ ಹನ್ನಾ ಅವರು ಚಿಮಣಿಯುಳ್ಳ ಒಲೆಗಳನ್ನು ಕುರಿತು ವರ್ಷಗಟ್ಟಲೆ ಅಧ್ಯಯನ ನಡೆಸಿದರು. ಮೊದಲ ವರ್ಷ ಅಡುಗೆ ಮಾಡುವವರು ಉಸಿರಿನೊಡನೆ ಒಳಗೆ ತೆಗೆದುಕೊಳ್ಳುವ ಹೊಗೆ ಕಡಿಮೆಯಾಯಿತು. ಮುಂದಿನ ವರ್ಷಗಳಲ್ಲಿ ಆ ಲಾಭ ಕರಗಿಹೋಯಿತು. ಒಲೆ ಬಿರುಕು ಬಿಟ್ಟಾಗ ರಿಪೇರಿಯಾಗುತ್ತಿರಲಿಲ್ಲ, ಜನ ಹಳೆಯ ಒಲೆಗೇ ಮರಳುತ್ತಿದ್ದರು. ಪ್ರಯೋಗಾಲಯದಲ್ಲಿ ಗೆದ್ದ ಒಲೆ ಅಡುಗೆಮನೆಯಲ್ಲಿ ಸೋತಿತು. ಮುದ್ದೆ ತಿರುವುವಾಗ ಪಾತ್ರೆ ಅಲುಗುತ್ತದೆಯೇ, ಊರಿನಲ್ಲಿ ದೊರೆಯುವ ಸೌದೆ ಅದರ ಬಾಯಿಗೆ ಹಿಡಿಸುತ್ತದೆಯೇ, ಚಿಮಣಿಯ ಮಸಿಯನ್ನು ಯಾರು ತೆಗೆಯಬೇಕು ಎಂಬ ಪ್ರಶ್ನೆಗಳಿಗೆ ಉತ್ತರವಿರುವುದು ಒಲೆಯ ಮುಂದೆ ಕುಳಿತವರಲ್ಲಿ. ಹೊತ್ತವರಿಗೇ ಗೊತ್ತು ಹೊರೆಯ ಭಾರ.

ಪುರದ ಪಾಠ

ಈ ಪಾಠವನ್ನು ನಮ್ಮ ಕರ್ನಾಟಕದಲ್ಲಿಯೇ ವಿಜ್ಞಾನಿಯೊಬ್ಬರು ತೆರೆದ ಮನಸ್ಸಿನಿಂದ ಕಲಿತ ಪ್ರಸಂಗವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯುದ್ರಸಾಯನ ವಿಜ್ಞಾನಿಯಾಗಿದ್ದ ಪ್ರೊಫೆಸರ್ ಅಮೂಲ್ಯ ಕುಮಾರ್ ಎನ್. ರೆಡ್ಡಿಯವರು, ಗ್ರಾಮೀಣ ಬದುಕಿಗೆ ಒದಗುವ ತಂತ್ರಜ್ಞಾನವನ್ನು ರೂಪಿಸಬೇಕೆಂದು 1974ರಲ್ಲಿ 'ಅಸ್ತ್ರ' ಎಂಬ ಕೇಂದ್ರವನ್ನು ಸ್ಥಾಪಿಸಿದರು. ಅವರ ತಂಡ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಹಳ್ಳಿಗಳಲ್ಲಿ, ಯಾವ ಕೆಲಸಕ್ಕೆ ಎಷ್ಟು ಶಕ್ತಿ ಯಾರಿಂದ ವ್ಯಯವಾಗುತ್ತಿದೆ ಎಂಬುದನ್ನು ಮನೆ ಮನೆಗೆ ಹೋಗಿ ಅಳೆಯಿತು. ಅಂತಹ ಹಳ್ಳಿಗಳಲ್ಲಿ ಒಂದು ಪುರ. 1977ರ ಸೆಪ್ಟೆಂಬರಿನಲ್ಲಿ ಅಲ್ಲಿದ್ದುದು 56 ಮನೆಗಳು, 357 ಜನ. ಆ ಊರಿನ ಶಕ್ತಿಯ ಬಹುಪಾಲು ಸೌದೆಯಿಂದ ಬರುತ್ತಿತ್ತು, ಅದರ ಬಹುಪಾಲು ಅಡುಗೆಗೆ ಹೋಗುತ್ತಿತ್ತು. ಸೌದೆ ಆಯುವ, ನೀರು ಹೊರುವ ಕೆಲಸದ ಭಾರ ಹೆಚ್ಚಾಗಿ ಹೆಂಗಸರು ಮತ್ತು ಮಕ್ಕಳ ಮೇಲಿತ್ತು.

ಈ ಅಂಕಿಗಳನ್ನು ನೋಡಿದ ಯಾವ ಎಂಜಿನಿಯರನಾದರೂ ಮಾಡಬಹುದಾದ ತೀರ್ಮಾನವೇನು? ಊರಿನ ದನಗಳ ಸಗಣಿಯಿಂದ ಗೋಬರ್ ಅನಿಲವನ್ನು ಉತ್ಪಾದಿಸಿ ಎಲ್ಲರ ಅಡುಗೆಮನೆಗೆ ಕೊಡುವುದು. ಗಾಳಿಯಾಡದ ತೊಟ್ಟಿಯಲ್ಲಿ ನೀರು ಬೆರೆಸಿದ ಸಗಣಿಯನ್ನು ಸೂಕ್ಷ್ಮಜೀವಿಗಳು ಕೊಳೆಯಿಸಿದಾಗ ಮುಖ್ಯವಾಗಿ ಮೀಥೇನ್ ಇರುವ, ಚೆನ್ನಾಗಿ ಉರಿಯುವ ಅನಿಲ ಹುಟ್ಟುತ್ತದೆ; ಉಳಿದ ಬಗ್ಗಡ ಒಳ್ಳೆಯ ಗೊಬ್ಬರ. ಸಾಮೂಹಿಕ ಘಟಕದ ಮೊದಲ ಯೋಜನೆ ಇದೇ ಆಗಿತ್ತು. ಅದು ಫಲಿಸಲಿಲ್ಲ. ಎಲ್ಲ ಮನೆಗಳ ಅಡುಗೆಗೂ ಸಾಕಾಗುವಷ್ಟು ಅನಿಲ ಒದಗಲಿಲ್ಲ; ಅನಿಲವಿಲ್ಲವೆಂದ ಮೇಲೆ ಊರಿನವರ ಆಸಕ್ತಿಯೂ ಉಳಿಯಲಿಲ್ಲ.

ಇಲ್ಲಿ ರೆಡ್ಡಿಯವರ ತಂಡ ಹಳ್ಳಿಗರನ್ನು ದೂಷಿಸಿ ಹೊರಟುಹೋಗಬಹುದಾಗಿತ್ತು. ಹಾಗೆ ಮಾಡದೆ, ಅವರು ಊರಿನವರೊಡನೆ ಮತ್ತೆ ಕುಳಿತು ಮಾತನಾಡಿದರು. ಆಗ ತಿಳಿದ ಸಂಗತಿಯೆಂದರೆ, ಊರು ಎಲ್ಲಕ್ಕಿಂತ ಮೊದಲು ಬಯಸಿದ್ದುದು ಕುಡಿಯುವ ಶುದ್ಧ ನೀರು. ಅಡುಗೆಯ ಅನಿಲ ವಿಜ್ಞಾನಿಗಳ ಪಟ್ಟಿಯಲ್ಲಿ ಮೊದಲನೆಯದಾಗಿತ್ತೇ ಹೊರತು ಹಳ್ಳಿಯ ಪಟ್ಟಿಯಲ್ಲಿ ಆಗಿರಲಿಲ್ಲ. ಯೋಜನೆ ಬದಲಾಯಿತು. ಅದೇ ಅನಿಲವನ್ನು ಸ್ವಲ್ಪ ಡೀಸೆಲ್‌ನೊಡನೆ ಎಂಜಿನ್ನಿಗೆ ಊಡಿಸಿ ವಿದ್ಯುತ್ತನ್ನು ಉತ್ಪಾದಿಸಲಾಯಿತು. ಆ ವಿದ್ಯುತ್ತಿನಿಂದ ಆಳವಾದ ಕೊಳವೆ ಬಾವಿಯ ನೀರು ಮೇಲೆ ಬಂದು ನಲ್ಲಿಗಳಲ್ಲಿ ಹರಿಯಿತು, ಮನೆಗಳಲ್ಲಿ ಟ್ಯೂಬ್‌ಲೈಟ್ ಉರಿಯಿತು. 1987ರಿಂದ ಈ ವ್ಯವಸ್ಥೆ ನಡೆಯಿತು. ಮನೆಯವರು ಬೆಳಿಗ್ಗೆ ತಂದ ಸಗಣಿಯನ್ನು ತೂಗಿ ಲೆಕ್ಕ ಬರೆದುಕೊಂಡು, ತಂದುದಕ್ಕಾಗಿ ಕಿಲೋಗ್ರಾಮಿಗೆ ಎರಡು ಪೈಸೆ ಕೊಡುತ್ತಿದ್ದರು. ಬಗ್ಗಡವನ್ನು ಅವರವರ ಪಾಲಿನಂತೆ ಹಿಂದಿರುಗಿಸುತ್ತಿದ್ದರು. ಎರಡು ಪೈಸೆ ಅಲ್ಪವೆಂದು ನಗಬಾರದು. ಸಗಣಿ ತರುವವರು ಹೆಚ್ಚಾಗಿ ಹೆಂಗಸರಾದುದರಿಂದ, ಊರಿನ ಸಾಮೂಹಿಕ ಕೆಲಸದಲ್ಲಿ ಅವರಿಗೆ ಕಾಸಿನ ರೂಪದ ಪಾಲು ದೊರೆತಂತಾಯಿತು.

ಈ ಘಟಕ ಶಾಶ್ವತವಾಗಿ ಉಳಿಯಲಿಲ್ಲ. ಹಲವು ವರ್ಷ ನಡೆದು ನಿಂತಿತು. ರೆಡ್ಡಿಯವರು ಅದನ್ನು ಮುಚ್ಚಿಡದೆ, 2006ರಲ್ಲಿ ತಾವು ತೀರಿಕೊಳ್ಳುವುದಕ್ಕೆ ಎರಡು ವರ್ಷ ಮುಂಚೆ, ಪುರದ ಯೋಜನೆ ಕಲಿಸಿದ ಪಾಠಗಳನ್ನು ಲೇಖನವಾಗಿ ಬರೆದರು. ಒಂದು ಸಾಧನವನ್ನು ನಿಲ್ಲಿಸುವುದು ಒಂದು ಕೆಲಸ, ಅದನ್ನು ವರ್ಷದ ನಂತರ ವರ್ಷ ನಡೆಸುವ ವ್ಯವಸ್ಥೆಯನ್ನು ಉಳಿಸುವುದು ಇನ್ನೊಂದು ಕೆಲಸ. ಎರಡನೆಯದಕ್ಕೂ ವಿನ್ಯಾಸ ಬೇಕು.

ಆಶ್ರಯ ಕಟ್ಟಿದರೂ ಬಾರದವರು

ಈಗ ಬಂಗಾಳ ಕೊಲ್ಲಿಯ ತೀರಕ್ಕೆ ಹೋಗೋಣ. 1970ರ ನವೆಂಬರಿನ ಚಂಡಮಾರುತದಲ್ಲಿ ಇಂದಿನ ಬಾಂಗ್ಲಾದೇಶದ ಕರಾವಳಿಯಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಅನಂತರ ಮುನ್ನೆಚ್ಚರಿಕೆಯ ವ್ಯವಸ್ಥೆ ಬಂದಿತು. ಕಾಂಕ್ರೀಟಿನ ಕಂಬಗಳ ಮೇಲೆ ನಿಂತ ಆಶ್ರಯ ಕಟ್ಟಡಗಳೂ ಅಲ್ಲಲ್ಲಿ ಎದ್ದವು. ಹಾಗಿದ್ದರೂ 1991ರ ಏಪ್ರಿಲ್ 29ರ ರಾತ್ರಿಯ ಚಂಡಮಾರುತ ಸುಮಾರು 1,38,000 ಜನರನ್ನು ಬಲಿ ತೆಗೆದುಕೊಂಡಿತು. ಸತ್ತವರಲ್ಲಿ ಗಂಡಸರಿಗಿಂತ ಹೆಂಗಸರು ಬಹಳ ಹೆಚ್ಚು.

ಕಟ್ಟಡಗಳ ಸಂಖ್ಯೆ ಸಾಲದಾಗಿತ್ತು, ನಿಜ. ಆದರೆ ಬದುಕುಳಿದವರನ್ನು ವಿಚಾರಿಸಿದಾಗ ಬೇರೆ ಕಾರಣಗಳೂ ಹೊರಬಿದ್ದವು. ಅಪರಿಚಿತ ಗಂಡಸರ ನಡುವೆ ಒಂದೇ ಕೋಣೆಯಲ್ಲಿ ರಾತ್ರಿ ಕಳೆಯಲು ಹೆಂಗಸರು ಹಿಂಜರಿದಿದ್ದರು. ಅವರಿಗೆ ಪ್ರತ್ಯೇಕ ಶೌಚಾಲಯವಿರಲಿಲ್ಲ. ಗಂಡ ಮನೆಗೆ ಬಂದು ಹೋಗೋಣವೆನ್ನುವವರೆಗೆ ಹಲವರು ಕಾದಿದ್ದರು. ಮನೆಯ ಏಕೈಕ ಆಸ್ತಿಯಾದ ಹಸುವನ್ನು ನೀರಿಗೆ ಬಿಟ್ಟು ಬರಲು ಕೆಲವರಿಗೆ ಮನಸ್ಸು ಒಪ್ಪಿರಲಿಲ್ಲ. ಕಟ್ಟಡ ಗಾಳಿಯ ವೇಗವನ್ನು ಲೆಕ್ಕಕ್ಕೆ ತೆಗೆದುಕೊಂಡಿತ್ತು, ತಾಯಿಯ ಸಂಕೋಚವನ್ನು ತೆಗೆದುಕೊಂಡಿರಲಿಲ್ಲ.

ಮುಂದೆ ಕಟ್ಟಿದ ಆಶ್ರಯಗಳಲ್ಲಿ ಹೆಂಗಸರಿಗೆ ಬೇರೆ ಕೋಣೆ, ಬೇರೆ ಶೌಚಾಲಯ, ಜಾನುವಾರುಗಳನ್ನು ಏರಿಸಲು ಇಳಿಜಾರು ದಾರಿ ಇವೆಲ್ಲ ಬಂದವು. ಕಟ್ಟಡ ಖಾಲಿ ಬಿದ್ದು ಹಾಳಾಗದಿರಲೆಂದು ಉಳಿದ ದಿನಗಳಲ್ಲಿ ಅದೇ ಊರಿನ ಶಾಲೆಯಾಯಿತು. ಮಕ್ಕಳಿಗೆ ದಾರಿ ಪರಿಚಿತವಾಗಿದ್ದರೆ ಬಿರುಗಾಳಿಯ ರಾತ್ರಿ ತಾಯಿಗೂ ದಾರಿ ತಿಳಿಯುತ್ತದೆ. ಎಚ್ಚರಿಕೆ ಸಾರುವ ಸ್ವಯಂಸೇವಕರ ದಳಕ್ಕೆ ಹೆಂಗಸರನ್ನು ಸೇರಿಸಿಕೊಂಡರು, ಏಕೆಂದರೆ ಮನೆಯೊಳಗಿನವರಿಗೆ ಹೆಂಗಸೊಬ್ಬಳು ಬಾಗಿಲಿಗೆ ಬಂದು ಹೇಳಿದ ಮಾತು ನಾಟುತ್ತದೆ. 2007ರ ನವೆಂಬರಿನಲ್ಲಿ ಬಂದ ಸಿಡ್ರ್ ಚಂಡಮಾರುತವೂ ಅತಿ ಭೀಕರವಾದುದೇ. ಸತ್ತವರು ಸುಮಾರು 3,400. ಎರಡು ಚಂಡಮಾರುತಗಳು ಒಂದೇ ಬಗೆಯವಲ್ಲ, ಉಬ್ಬರದ ಸಮಯ, ತೀರದ ಆಕಾರ ಬೇರೆ ಬೇರೆ. ಆದರೂ ಲಕ್ಷದಿಂದ ಸಾವಿರಗಳಿಗೆ ಇಳಿದ ಈ ಸಂಖ್ಯೆಯಲ್ಲಿ ಮುನ್ನೆಚ್ಚರಿಕೆ ಮತ್ತು ಆಶ್ರಯಗಳ ಪಾಲು ದೊಡ್ಡದೆಂಬುದನ್ನು ಎಲ್ಲರೂ ಒಪ್ಪುತ್ತಾರೆ.

ಷಿಕಾಗೋದ ಐದು ದಿನಗಳು

ಇವೆಲ್ಲ ಬಡ ದೇಶಗಳ ಕಥೆ ಎಂದು ನಾವು ನಿಟ್ಟುಸಿರು ಬಿಟ್ಟು ಕೂರುವಂತಿಲ್ಲ. ನಾವು ನೆಲೆ ನಿಂತಿರುವ ಈ ಅಮೆರಿಕದಲ್ಲಿಯೇ, 1995ರ ಜುಲೈ ಮಧ್ಯದಲ್ಲಿ, ಷಿಕಾಗೋ ನಗರದಲ್ಲಿ ಬಿಸಿಗಾಳಿಯಿಂದ 700ಕ್ಕೂ ಹೆಚ್ಚು ಜನ ಸತ್ತರು. ಜುಲೈ 13ರಂದು ಅಲ್ಲಿನ ಮಿಡ್‌ವೇ ವಿಮಾನ ನಿಲ್ದಾಣದಲ್ಲಿ ಉಷ್ಣತೆ 106 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಸುಮಾರು 41 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ರಾಯಚೂರು, ಕಲಬುರಗಿಯ ಕಡೆಯವರು ಇದೇನು ಮಹಾ ಎನ್ನಬಹುದು. ಆದರೆ ಗಾಳಿಯಲ್ಲಿ ತೇವ ತುಂಬಿದ್ದಾಗ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ದೇಹ ತಣಿಯುವುದಿಲ್ಲ. ರಾತ್ರಿಯೂ ಬಿಸಿ ಇಳಿಯದಿದ್ದರೆ ಹೃದಯಕ್ಕೆ ವಿಶ್ರಾಂತಿಯೇ ಇಲ್ಲ. ವಯಸ್ಸಾದವರಿಗೆ ಬಾಯಾರಿಕೆ ಸರಿಯಾಗಿ ತಿಳಿಯದು, ಬೆವರೂ ಕಡಿಮೆ. ರಕ್ತದೊತ್ತಡಕ್ಕೆಂದು ತೆಗೆದುಕೊಳ್ಳುವ ಕೆಲವು ಮಾತ್ರೆಗಳು ದೇಹದ ನೀರನ್ನು ಇನ್ನಷ್ಟು ಹೊರಹಾಕುತ್ತವೆ.

ಸಮಾಜಶಾಸ್ತ್ರಜ್ಞ ಎರಿಕ್ ಕ್ಲೈನನ್‌ಬರ್ಗ್ ಈ ಸಾವುಗಳ ಬೆನ್ನುಹತ್ತಿ 2002ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅದರಲ್ಲಿ ಅವರು ಅಕ್ಕಪಕ್ಕದ ಎರಡು ಬಡಾವಣೆಗಳನ್ನು ಹೋಲಿಸುತ್ತಾರೆ: ಉತ್ತರ ಲಾನ್‌ಡೇಲ್ ಮತ್ತು ದಕ್ಷಿಣ ಲಾನ್‌ಡೇಲ್. ಒಂಟಿಯಾಗಿ ಬಾಳುವ ವೃದ್ಧರು, ಬಡ ವೃದ್ಧರು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದ್ದರು, ಬಿಸಿಲಂತೂ ಒಂದೇ. ಆದರೆ ಉತ್ತರದಲ್ಲಿ ಸಾವಿನ ಪ್ರಮಾಣ ದಕ್ಷಿಣದ ಹತ್ತರಷ್ಟು. ದಕ್ಷಿಣದ ಬೀದಿಗಳಲ್ಲಿ ಅಂಗಡಿ, ಸಂತೆ, ಜನಸಂಚಾರ ಇತ್ತು. ಮುದುಕರು ಹೊರಗೆ ಬಂದು ತಂಪಾದ ಅಂಗಡಿಯಲ್ಲಿ ಅರ್ಧ ಗಂಟೆ ನಿಲ್ಲಬಹುದಾಗಿತ್ತು. ಉತ್ತರದಲ್ಲಿ ಕಾರ್ಖಾನೆಗಳು ಮುಚ್ಚಿ, ಮನೆಗಳು ಪಾಳುಬಿದ್ದು, ಕಳ್ಳಕಾಕರ ಭಯದಿಂದ ವೃದ್ಧರು ಕಿಟಕಿ ಬಾಗಿಲು ಭದ್ರಪಡಿಸಿಕೊಂಡು ಒಳಗೇ ಉಳಿದಿದ್ದರು. ಇದನ್ನರಿತ ನಗರಾಡಳಿತ 1999ರ ಬಿಸಿಗಾಳಿಯಲ್ಲಿ ವೃದ್ಧರಿಗೆ ದೂರವಾಣಿ ಕರೆ ಮಾಡಿಸಿತು, ಒಂಟಿಯಾಗಿರುವವರ ಮನೆಗಳಿಗೆ ಸಿಬ್ಬಂದಿಯನ್ನು ಕಳುಹಿಸಿತು, ತಂಪು ಕೇಂದ್ರಗಳಿಗೆ ಉಚಿತ ಬಸ್ಸುಗಳನ್ನು ಓಡಿಸಿತು. ಆ ಸಲ ಸತ್ತವರು ಸುಮಾರು 110. ಅದೂ ಕಡಿಮೆಯಲ್ಲ; ಆದರೆ ನೂರಾರು ಜನ ಉಳಿದರು.

ನಮ್ಮ ಮನೆಯೊಳಗಿನ ಪಾಠ

ಇದನ್ನೆಲ್ಲ ಓದಿ ತಿಳಿದಿದ್ದ ನಾವು, ನಮ್ಮ ಊರಿನಲ್ಲಿ ಮಾಡಿದ ತಪ್ಪನ್ನು ಈಗ ತಮ್ಮ ಮುಂದೆ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಬೇಸಿಗೆಯ ಒಂದು ಮಧ್ಯಾಹ್ನ, ನಮ್ಮ ಬಳಗದ ಹಿರಿಯ ತಾಯಿಯೊಬ್ಬರು ಮನೆಯಲ್ಲಿ ಒಬ್ಬರೇ ಇದ್ದಾಗ ತಾಪದಿಂದ ತಲೆಸುತ್ತಿ ಬಿದ್ದರು. ಶಾಲೆಯಿಂದ ಮೊಮ್ಮಗಳು ಬೇಗ ಬಂದುದರಿಂದ ಉಳಿದುಕೊಂಡರು. ನಾವು ಕೂಡಲೇ ಒಂದು ಸಮಿತಿ ಮಾಡಿ, ಬಿಸಿಗಾಳಿಯಲ್ಲಿ ವಹಿಸಬೇಕಾದ ಎಚ್ಚರಗಳನ್ನು ಇಂಗ್ಲಿಷಿನಲ್ಲಿ ಸೊಗಸಾಗಿ ಮುದ್ರಿಸಿ ಎಲ್ಲ ಮನೆಗಳಿಗೂ ಹಂಚಿದೆವು. ಮರು ಬೇಸಿಗೆಯಲ್ಲಿ ವಿಚಾರಿಸಿದರೆ, ಓದಬೇಕಾದವರಲ್ಲಿ ಒಬ್ಬರೂ ಅದನ್ನು ಓದಿರಲಿಲ್ಲ.

ಆಗ ನಾವು ಮಾಡಬೇಕಾದ ಮೊದಲ ಕೆಲಸವನ್ನು ಕೊನೆಯಲ್ಲಿ ಮಾಡಿದೆವು. ಹತ್ತಾರು ಮನೆಗಳಿಗೆ ಹೋಗಿ, ಕಾಫಿ ಕುಡಿಯುತ್ತಾ, ಹಿರಿಯರನ್ನು ಕನ್ನಡದಲ್ಲಿ ಕೇಳಿದೆವು: ಮಧ್ಯಾಹ್ನ ತಮ್ಮ ದಿನ ಹೇಗೆ ಕಳೆಯುತ್ತದೆ? ಅಂದು ಬಿದ್ದ ತಾಯಿಯೇ ಹೇಳಿದರು: "ನನ್ನೊಬ್ಬಳಿಗೋಸ್ಕರ ಇಡೀ ಮನೆ ತಣ್ಣಗೆ ಮಾಡೋದು ದಂಡ ಅಲ್ವೇನಪ್ಪಾ? ಮಗ ಬಂದಮೇಲೆ ಹಾಕಿದ್ರಾಯ್ತು ಅಂತ ಸುಮ್ನಿದ್ದೆ." ಇನ್ನೊಬ್ಬರಿಗೆ ಎ.ಸಿ. ಗಾಳಿಯಿಂದ ಮಂಡಿ ನೋವು. ಮತ್ತೊಬ್ಬ ಹಿರಿಯರಿಗೆ ಗೋಡೆಯ ಮೇಲಿನ ಥರ್ಮೋಸ್ಟಾಟ್ ಮುಟ್ಟಿದರೆ ಏನು ಕೆಟ್ಟೀತೋ ಎಂಬ ಅಂಜಿಕೆ. ಬಾಗಿಲು ಬಡಿದವರು ಯಾರೆಂದು ತಿಳಿಯದೆ ತೆರೆಯಬಾರದೆಂಬ ಕಟ್ಟಳೆ ಎಲ್ಲ ಮನೆಗಳಲ್ಲೂ ಇತ್ತು.

ಎಲ್ಲಕ್ಕಿಂತ ನಮ್ಮನ್ನು ತಲೆತಗ್ಗಿಸುವಂತೆ ಮಾಡಿದ್ದು ಬೇರೊಂದು ಸಂಗತಿ. ವಿದ್ಯುತ್ತನ್ನು ಉಳಿಸಬೇಕು, ಭೂಮಿಗೂ ಒಳ್ಳೆಯದು ಎಂದು ಹಲವು ಮನೆಗಳಲ್ಲಿ ಮಕ್ಕಳು ಥರ್ಮೋಸ್ಟಾಟನ್ನು ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ 'ಮನೆಯಲ್ಲಿ ಯಾರೂ ಇಲ್ಲ' ಎಂದು ಗೊತ್ತುಮಾಡಿ ಇಟ್ಟಿದ್ದರು. ತಂದೆತಾಯಿಯರು ಊರಿನಿಂದ ಬಂದು ನೆಲೆಸಿದ ಮೇಲೂ ಅದನ್ನು ಬದಲಿಸಲು ಯಾರಿಗೂ ನೆನಪಾಗಿರಲಿಲ್ಲ. ಯಂತ್ರದ ಲೆಕ್ಕದಲ್ಲಿ ಮನೆ ಖಾಲಿ, ಅಮ್ಮ ಒಳಗಿದ್ದರು.

ಆ ಮೇಲೆ ನಾವು ಮಾಡಿದ ಏರ್ಪಾಡುಗಳೆಲ್ಲ ಸಣ್ಣವು. ಇಡೀ ಮನೆಯ ಬದಲು ಕೆಳಗಿನ ಒಂದು ಕೋಣೆಯನ್ನು ಮಾತ್ರ ತಂಪಾಗಿಡುವುದು. ಆಗ ವಿದ್ಯುತ್ತಿನ ವೆಚ್ಚವೂ ಅಲ್ಪ, ದಂಡವೆಂಬ ಭಾವನೆಯೂ ಇಲ್ಲ. ಪಡುವಣ ಕಿಟಕಿಗೆ ದಪ್ಪ ಪರದೆ. ಕನ್ನಡದಲ್ಲಿ ದಪ್ಪಕ್ಷರದ ಒಂದು ಪುಟ, ಫ್ರಿಜ್ಜಿನ ಬಾಗಿಲ ಮೇಲೆ. ಮೊದಲು ಥರ್ಮೋಸ್ಟಾಟಿನ ಮೇಲೆ ಬಣ್ಣದ ಚೀಟಿ ಅಂಟಿಸಿದೆವು; ಕನ್ನಡಕವಿಲ್ಲದೆ ಅದು ಕಾಣುವುದಿಲ್ಲವೆಂದರು, ತೆಗೆದು ಒಂದೇ ಗುಂಡಿಯ ಕೈಸಾಧನ ಕೊಟ್ಟೆವು. ಮಧ್ಯಾಹ್ನ ಎರಡಕ್ಕೆ ದೂರವಾಣಿ ಕರೆ ಮಾಡಲು ಮೊದಲು ಯುವಕರನ್ನು ನೇಮಿಸಿದೆವು. ಮಾತು 'ಚೆನ್ನಾಗಿದ್ದೀರಾ, ಚೆನ್ನಾಗಿದ್ದೇನೆ' ಎಂಬಲ್ಲಿಗೆ ಮುಗಿಯುತ್ತಿತ್ತು. ಹಿರಿಯರು ಹಿರಿಯರಿಗೇ ಕರೆ ಮಾಡುವಂತೆ ಬದಲಿಸಿದ ಮೇಲೆ, ಮಾತು ಹುಳಿಯಿಂದ ಹಿಡಿದು ಹಾಸನದ ಮಳೆಯವರೆಗೆ ಅರ್ಧ ಗಂಟೆ ನಡೆಯಿತು. ದನಿಯಲ್ಲಿನ ಆಯಾಸವನ್ನು ಆ ಕಡೆಯವರು ತಾವೇ ಗುರುತಿಸಿದರು.

ಈ ಕ್ರಮಕ್ಕೂ ಮಿತಿಗಳಿವೆ. ಸಭೆಯಲ್ಲಿ ಗಟ್ಟಿಯಾಗಿ ಮಾತನಾಡುವವರ ಅಗತ್ಯವನ್ನೇ ಊರಿನ ಅಗತ್ಯವೆಂದು ತಪ್ಪು ತಿಳಿಯುವ ಅಪಾಯವಿದೆ. ಪುರದಲ್ಲಾಗಲಿ ಬಾಂಗ್ಲಾದೇಶದಲ್ಲಾಗಲಿ ಕೇಳಬೇಕಾದವರು ಸಭೆಯ ಹಿಂದಿನ ಸಾಲಿನಲ್ಲಿ, ಇಲ್ಲವೇ ಮನೆಯೊಳಗೆ ಇದ್ದರು. ಎರಡನೆಯದಾಗಿ, ಒಂದು ಕೋಣೆಯನ್ನು ತಂಪಾಗಿಸಿದ ಮಾತ್ರಕ್ಕೆ ಭೂಮಿ ತಂಪಾಗದು. ಹೊಗೆಯನ್ನು ತಗ್ಗಿಸುವ ಕಾನೂನು, ನೀತಿ, ಬಂಡವಾಳಗಳಿಗೆ ಇದು ಬದಲಿಯಲ್ಲ. ಆದರೆ ಆ ದೊಡ್ಡ ಕೆಲಸ ನಡೆಯುವವರೆಗೆ ಜನ ಬದುಕಿರಬೇಕಲ್ಲ.

ಕೊನೆಯದಾಗಿ ಇಲ್ಲಿರುವ ಮಕ್ಕಳಿಗೆ ಒಂದು ಮಾತು. ಈ ವಾರ ನಿಮ್ಮ ಅಜ್ಜಿ, ತಾತಂದಿರ ಬಳಿ ಕುಳಿತು ಮೂರು ಪ್ರಶ್ನೆ ಕೇಳಿ: ಮಧ್ಯಾಹ್ನ ಯಾವ ಕೋಣೆಯಲ್ಲಿ ಕೂರುತ್ತೀರಿ? ಸೆಕೆಯಾದಾಗ ಏನು ಮಾಡುತ್ತೀರಿ? ಏನು ಮಾಡಲು ಸಂಕೋಚವಾಗುತ್ತದೆ? ಕನ್ನಡದಲ್ಲಿಯೇ ಕೇಳಿ. ಮೂರನೆಯ ಪ್ರಶ್ನೆಗೆ ಬೇರೆ ಭಾಷೆಯಲ್ಲಿ ಅವರು ಉತ್ತರ ಹೇಳಲಾರರು. ಆಮೇಲೆ ಗೋಡೆಯ ಮೇಲಿನ ಥರ್ಮೋಸ್ಟಾಟ್ ಏನು ಲೆಕ್ಕ ಹಾಕಿದೆ ಎಂಬುದನ್ನು ಅಪ್ಪ ಅಮ್ಮಂದಿರೊಡನೆ ಹೋಗಿ ನೋಡಿ.